ಕೈ ಬದಲಾದ ಒತ್ತೆ, ಕಳೆದುಹೋದ ಲೆಕ್ಕ

ನಮ್ಮ ಚರಿತ್ರೆ ಪುಸ್ತಕಗಳಲ್ಲಿ ರಾಜರಿದ್ದಾರೆ, ಯುದ್ಧಗಳಿವೆ, ದಾನಶಾಸನಗಳಿವೆ. ಸಾಲದ ಪತ್ರಗಳಿಲ್ಲ. ಕೇರಿಯ ಜನರ ಚರಿತ್ರೆ ಬರೆಯಬೇಕು ಅಂತ ಕೂತರೆ ಮೊದಲು ಕೈಗೆ ಸಿಗೋದು ಸಾಲದ ಪತ್ರವೇ. ಯಾರ ಹೊಲ ಯಾವ ವರ್ಷ ಯಾರ ಕೈಗೆ ಹೋಯಿತು, ಎಷ್ಟು ರೂಪಾಯಿಗೆ ಹೋಯಿತು, ಅಲ್ಲಿಂದ ಇನ್ಯಾರ ಕೈಗೆ ದಾಟಿತು, ಹೆಬ್ಬೆಟ್ಟು ಒತ್ತಿದವನಿಗೆ ಕೊನೆಗೆ ಉಳಿದದ್ದೇನು? ನಮ್ಮ ವಂಶಾವಳಿ ಅನ್ನೋದು ಇದೇ.

ಈ ದೊಡ್ಡ ಚರಿತ್ರೆಯಲ್ಲಿ ನಾವು ಇಲ್ಲಿ ಒಂದೇ ಸಂಗತಿಯನ್ನು ಹಿಡಿದು ನೋಡುತ್ತೇವೆ. ಅದು ಒತ್ತೆಯು ಒಬ್ಬ ಸಾಹುಕಾರನ ಕೈಯಿಂದ ಇನ್ನೊಬ್ಬ ಸಾಹುಕಾರನ ಕೈಗೆ ದಾಟುವ ಸಂಗತಿ. ಮೇಲಿಂದ ನೋಡಿದರೆ ಇದು ಇಬ್ಬರು ದುಡ್ಡಿದ್ದವರ ನಡುವಿನ ವ್ಯವಹಾರ. ಆದರೆ ಒತ್ತೆ ಹೀಗೆ ಕೈ ಬದಲಾದಾಗಲೆಲ್ಲ ಸಾಲ ಮಾಡಿದವನ ಕಡೆಯಿಂದ ಒಂದು ಕಳೆದುಹೋಗುತ್ತದೆ. ಅದು ಲೆಕ್ಕ. ಮೊದಲು ತಂದದ್ದು ಎಷ್ಟು, ಕಟ್ಟಿದ್ದು ಎಷ್ಟು, ಸಾಹುಕಾರ ತಿಂದ ಬೆಳೆ ಎಷ್ಟು, ನಾವು ಗೇದ ಗೇಮೆ ಎಷ್ಟು ಎಂಬ ಲೆಕ್ಕ. ಹಳೆ ಪತ್ರ ಹರಿದು ಹೊಸ ಪತ್ರ ಬರೆದ ಕ್ಷಣದಲ್ಲಿ ಹಿಂದಿನದೆಲ್ಲ ಅಳಿಸಿ, ಬಡ್ಡಿಯೇ ಅಸಲಾಗಿ ಕೂರುತ್ತದೆ. ಸಾಲಕ್ಕೆ ಚರಿತ್ರೆ ಇಲ್ಲದಂತೆ ಮಾಡುವುದೇ ಸಾಹುಕಾರಿಕೆಯ ದೊಡ್ಡ ವಿದ್ಯೆ. ಆ ಚರಿತ್ರೆಯನ್ನು ಮತ್ತೆ ತೆರೆಸುವುದೇ ನಮ್ಮವರ ಹೋರಾಟದ ದೊಡ್ಡ ಕೆಲಸವಾಗಿತ್ತು, ಈಗಲೂ ಆಗಿದೆ.

ಭೋಗ್ಯ ಅಂದರೆ ಯಾರ ಭೋಗ?

ಮಾತುಗಳಿಂದಲೇ ಶುರು ಮಾಡೋಣ. ಒತ್ತೆ, ಅಡವು, ಆಧಾರ, ಅಡಮಾನ, ಗಿರವಿ ಅಂತ ಕನ್ನಡದಲ್ಲಿ ಇದಕ್ಕೆ ಹೆಸರುಗಳಿಗೇನು ಬರವಿಲ್ಲ. ಜಮೀನಿನ ವಿಷಯದಲ್ಲಿ ಮೂರು ಬಗೆ ಗೊತ್ತಿದ್ದರೆ ಸಾಕು. ತೋರು ಆಧಾರದಲ್ಲಿ ಜಮೀನು ಸಾಲ ಪಡೆದವನ ಕೈಯಲ್ಲೇ ಇರುತ್ತದೆ, ಪತ್ರ ಮಾತ್ರ ಸಾಹುಕಾರನ ಹತ್ತಿರ. ಭೋಗ್ಯದಲ್ಲಿ ಜಮೀನನ್ನೇ ಬಿಟ್ಟುಕೊಡಬೇಕು. ಬೆಳೆ ಸಾಹುಕಾರನದು, ಆ ಬೆಳೆ ಬಡ್ಡಿಗೆ ವಜಾ. ಅವಧಿ ಕ್ರಯದಲ್ಲಿ ಬರೆಯುವುದೇ ಕ್ರಯಪತ್ರ. ಇಷ್ಟು ವರ್ಷದೊಳಗೆ ದುಡ್ಡು ತಂದರೆ ಜಮೀನು ವಾಪಸ್ಸು, ಇಲ್ಲದಿದ್ದರೆ ಅದು ಅವನದೇ.

ಮೂರನ್ನೂ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಒಪ್ಪಿಕೊಂಡಿತು. ಜಮೀನನ್ನು ಸ್ವಾಧೀನಕ್ಕೆ ತಗೊಂಡ ಸಾಹುಕಾರ ಉತ್ಪನ್ನದ ಲೆಕ್ಕ ಇಡಬೇಕು, ಅದನ್ನು ಬಡ್ಡಿಗೂ ಅಸಲಿಗೂ ಜಮಾ ಮಾಡಬೇಕು ಎಂದು ಅದರ 76ನೇ ಕಲಮು ಹೇಳುತ್ತದೆ. ಓದಿದರೆ ಎಷ್ಟು ಒಳ್ಳೆ ಕಾನೂನು ಅನ್ನಿಸುತ್ತೆ. ಮುಂದಿನ 77ನೇ ಕಲಮಿಗೆ ಬನ್ನಿ. ಬೆಳೆಯನ್ನು ಬಡ್ಡಿಯ ಬದಲಿಗೆ ಅನುಭವಿಸುವುದೆಂದು ಕರಾರು ಆಗಿದ್ದರೆ ಆ ಲೆಕ್ಕ ಬೇಕಾಗಿಲ್ಲ. ಓದು ಬರಹ ಬಾರದವನ ಹತ್ತಿರ ಕರಾರು ಬರೆಸಿಕೊಳ್ಳುವುದು ಯಾರಿಗೆ ಕಷ್ಟ? ಹೀಗೆ ನಮ್ಮ ಸೀಮೆಯ ಭೋಗ್ಯಪತ್ರಗಳಲ್ಲಿ ‘ಬಡ್ಡಿಗೆ ಬೆಳೆ, ಅಸಲಿಗೆ ಜಮೀನು’ ಅನ್ನೋದು ರೂಢಿಯಾಯಿತು. ಹತ್ತು ವರ್ಷ ರಾಗಿ ತಿಂದರೂ ಅಸಲಿನಲ್ಲಿ ಒಂದು ಕಾಸೂ ಇಳಿಯುವುದಿಲ್ಲ. ಭೋಗ ಅವನದು, ಭಾಗ್ಯ ನಮ್ಮದು!

ಒತ್ತೆಗೆ ಬಿದ್ದ ಮೈ

ಒತ್ತೆಯಾಗಿ ಕೈ ಬದಲಾಯಿಸಿದ್ದು ಹೊಲ ಒಂದೇ ಅಲ್ಲ. ಆಳುಗಳೂ ಬದಲಾದರು.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸಾಲದ ಕಾನೂನು ಇದೆ. ಅಲ್ಲಿ ತಿಂಗಳ ಬಡ್ಡಿ ನೂರಕ್ಕೆ ಬ್ರಾಹ್ಮಣನಿಗೆ 2, ಕ್ಷತ್ರಿಯನಿಗೆ 3, ವೈಶ್ಯನಿಗೆ 4, ಶೂದ್ರನಿಗೆ 5. ಸಾಲ ಕೊಟ್ಟವನಿಗೆ ಸಮನಾದ ಅಥವಾ ಅವನಿಗಿಂತ ಕೆಳಗಿನ ಜಾತಿಯವನು ದುಡ್ಡಿಲ್ಲದಿದ್ದರೆ ಮೈಗೇಮೆಯಿಂದ ಸಾಲ ತೀರಿಸಬೇಕು. ಮೇಲಿನ ಜಾತಿಯವನಾದರೆ ನಿಧಾನವಾಗಿ, ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಸಾಕು. ಅಂದರೆ ಒಬ್ಬನಿಗೆ ಕಂತು, ಇನ್ನೊಬ್ಬನಿಗೆ ಜೀತ. ಜೀತವನ್ನು ಯಾರೋ ಒಬ್ಬ ಕ್ರೂರಿ ಗೌಡ ಕಂಡುಹಿಡಿದ ಅಂತ ತಿಳಿಯಬೇಡಿ. ಅದಕ್ಕೆ ಶಾಸ್ತ್ರದ ಮೊಹರು ಬಿದ್ದಿತ್ತು.

1800-1801ರಲ್ಲಿ ಫ್ರಾನ್ಸಿಸ್ ಬುಕನನ್ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ. 1807ರಲ್ಲಿ ಆ ಪ್ರವಾಸದ ಪುಸ್ತಕ ಅಚ್ಚಾಯಿತು. ದಕ್ಷಿಣ ಕನ್ನಡಕ್ಕೆ ಅಂಟಿಕೊಂಡಿರುವ ಮಲಬಾರಿನಲ್ಲಿ ಗದ್ದೆ ಗೇಯುವ ಗುಲಾಮರನ್ನು ಮೂರು ರೀತಿಯಲ್ಲಿ ಕೈ ಬದಲಾಯಿಸುತ್ತಿದ್ದರೆಂದು ಅವನು ಬರೆದಿದ್ದಾನೆ: ಜನ್ಮ ಅಂದರೆ ಮಾರಾಟ, ಕಾಣ ಅಂದರೆ ಒತ್ತೆ, ಪಾಟ ಅಂದರೆ ಬಾಡಿಗೆ. ಕಾಣದಲ್ಲಿ ಒಡೆಯ ಗುಲಾಮನ ಬೆಲೆಯ ಸುಮಾರು ಮೂರನೇ ಎರಡು ಭಾಗದಷ್ಟು ದುಡ್ಡನ್ನು ಸಾಲವಾಗಿ ಪಡೆದು ಗುಲಾಮನನ್ನು ಇನ್ನೊಬ್ಬನ ವಶಕ್ಕೆ ಕೊಡುತ್ತಿದ್ದ. ಸಾಲಕ್ಕೆ ಬಡ್ಡಿ ಇಲ್ಲ. ಯಾಕೆ ಇಲ್ಲ? ಗುಲಾಮನ ಗೇಮೆಯೇ ಬಡ್ಡಿ! ಇದು ಮನುಷ್ಯನ ಮೇಲೆ ಬರೆದ ಭೋಗ್ಯಪತ್ರ. ಹೊಲದ ಭೋಗ್ಯಕ್ಕೂ ಇದಕ್ಕೂ ಒಂದು ಅಕ್ಷರದ ವ್ಯತ್ಯಾಸ ಇಲ್ಲ. ಇಲ್ಲಿ ಸಾಲ ಮಾಡಿದವನು ಒಡೆಯ, ತೀರಿಸುವವನು ಗುಲಾಮ ಅನ್ನೋದನ್ನ ಮರೆಯಬೇಡಿ.

1843ರ ಐದನೇ ಕಾಯ್ದೆ ಕಂಪನಿ ಆಳ್ವಿಕೆಯ ಕೋರ್ಟುಗಳಲ್ಲಿ ಗುಲಾಮಗಿರಿಯ ಹಕ್ಕನ್ನು ಒಪ್ಪುವಂತಿಲ್ಲ ಎಂದಿತು. 1860ರ ದಂಡಸಂಹಿತೆ ಗುಲಾಮರನ್ನು ಕೊಳ್ಳುವುದು ಮಾರುವುದು ಅಪರಾಧ ಎಂದಿತು. ಮನುಷ್ಯನನ್ನು ಒತ್ತೆ ಇಡುವ ಪತ್ರ ಹೋಯಿತು. ಆದರೆ ಆ ಮನುಷ್ಯನ ಹೆಸರಿನಲ್ಲೇ ಸಾಲದ ಪತ್ರ ಬಂತು. ಮೊದಲು ಒಡೆಯನ ಸಾಲಕ್ಕೆ ಗೇಯುತ್ತಿದ್ದವನು ಈಗ ‘ತನ್ನ’ ಸಾಲಕ್ಕೆ ಗೇಯತೊಡಗಿದ.

ಬಡ್ಡಿ ಅಸಲಾಗುವ ಲೆಕ್ಕ

ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರುಗಳು ಇದನ್ನು ಹಲಗೆಯ ಮೇಲೆ ಬರೆದು ತೋರಿಸಬಹುದು. ಒಬ್ಬ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯಂತೆ 100 ರೂಪಾಯಿ ತಂದ ಎಂದುಕೊಳ್ಳಿ. ಮೂರು ವರ್ಷ ಏನೂ ಕಟ್ಟಲಾಗಲಿಲ್ಲ. ಬಡ್ಡಿ 72, ಒಟ್ಟು 172 ರೂಪಾಯಿ. ಆ ಸಾಹುಕಾರ ಕತ್ತಿಗೆ ಕೂತ. ಇನ್ನೊಬ್ಬ ಸಾಹುಕಾರ ಬಂದು 172 ಕೊಟ್ಟು ಬಿಡಿಸಿ, ಅದೇ ಜಮೀನಿನ ಮೇಲೆ ತನ್ನ ಹೆಸರಿಗೆ ಹೊಸ ಪತ್ರ ಮಾಡಿಸಿಕೊಂಡ. ಈಗ ಅಸಲೇ 172. ಮತ್ತೆ ಮೂರು ವರ್ಷಕ್ಕೆ ಬಡ್ಡಿ 123 ರೂಪಾಯಿ 84 ಪೈಸೆ, ಒಟ್ಟು 295 ರೂಪಾಯಿ 84 ಪೈಸೆ. ಮೂರನೆಯವನು ಬಂದ. ಇನ್ನೂ ಮೂರು ವರ್ಷ ಕಳೆದರೆ ಸಾಲ 508 ರೂಪಾಯಿ 84 ಪೈಸೆ.

ಮೊದಲನೆಯವನ ಹತ್ತಿರವೇ ಒಂಬತ್ತು ವರ್ಷ ಇದ್ದಿದ್ದರೆ? ಸರಳ ಬಡ್ಡಿಯಲ್ಲಿ 316 ರೂಪಾಯಿ ಆಗುತ್ತಿತ್ತು. ಬಡ್ಡಿದರ ಒಂದು ಪೈಸೆಯೂ ಏರಲಿಲ್ಲ, ಸಾಲಗಾರ ಒಂದು ರೂಪಾಯಿಯನ್ನೂ ಹೊಸದಾಗಿ ಕೈಯಲ್ಲಿ ನೋಡಲಿಲ್ಲ. ಎರಡು ಸಲ ಕೈ ಬದಲಾದದ್ದಕ್ಕೇ 192 ರೂಪಾಯಿ 84 ಪೈಸೆ ಹುಟ್ಟಿಕೊಂಡಿತು. ಇದರ ಮೇಲೆ ಪತ್ರದ ಖರ್ಚು, ಸ್ಟಾಂಪಿನ ಖರ್ಚು, ಬರೆಯುವವನ ಕೈಕಾಣಿಕೆ ಬೇರೆ.

ಇನ್ನೂ ಒಂದು ಸೂಕ್ಷ್ಮ ಇದೆ. ಯಾವುದೇ ಒಂದು ಕಾಲಕ್ಕೆ ವಸೂಲಿ ಮಾಡುವ ಬಡ್ಡಿ ಅಸಲಿಗಿಂತ ಹೆಚ್ಚಾಗಬಾರದು ಎಂಬ ದಾಮದುಪ್ಪಟ್ಟು ನಿಯಮ ಮನುವಿನ ಕಾಲದಿಂದ ಇತ್ತು. ಹಳೆ ಮುಂಬಯಿ ಪ್ರಾಂತದ ಕೋರ್ಟುಗಳು ಹಿಂದೂಗಳ ಸಾಲಕ್ಕೆ ಇದನ್ನು ಅನ್ವಯಿಸುತ್ತಿದ್ದವು. ಅದರ ಪ್ರಕಾರ 100 ರೂಪಾಯಿ ಸಾಲಕ್ಕೆ ಬಡ್ಡಿ ಅಸಲು ಸೇರಿ 200 ದಾಟುವಂತಿಲ್ಲ. ಆದರೆ ಪತ್ರ ಹೊಸದಾದರೆ ಅಸಲೂ ಹೊಸದು, ನಿಯಮದ ಎಣಿಕೆಯೂ ಹೊಸದು. ಹಾಗಾಗಿ ಮೂರನೆಯವನ 508 ರೂಪಾಯಿ ಕಾನೂನುಬದ್ಧ! ಬಾಗಿಲಿಗೆ ಬೀಗ ಹಾಕಿ ಗೋಡೆ ಕೆಡವಿದ ಹಾಗೆ. ಸಾಹುಕಾರರು ಒಬ್ಬರಿಗೊಬ್ಬರು ನೆಂಟರಾಗಿರಬಹುದು, ಪಾಲುದಾರರಾಗಿರಬಹುದು, ಒಂದೇ ಚಾವಡಿಯಲ್ಲಿ ಕೂರುವವರಾಗಿರಬಹುದು. ಪತ್ರದಲ್ಲಿ ಮಾತ್ರ ಬೇರೆ ಬೇರೆ ಹೆಸರು.

ಲೆಕ್ಕ ತೆರೆಸಿದ ಬೆಂಕಿ

ಈ ವಿದ್ಯೆಯನ್ನು ರೈತರು ಬಲ್ಲವರಾಗಿದ್ದರು ಅನ್ನುವುದಕ್ಕೆ ಸಾಕ್ಷಿ 1875ರ ದಖ್ಖನ್ ದಂಗೆ. ಆ ವರ್ಷ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮನೆ ಅಂಗಡಿಗಳಿಗೆ ನುಗ್ಗಿದರು. ಅವರು ಹುಡುಕಿದ್ದು ಮುಖ್ಯವಾಗಿ ಸಾಲಪತ್ರಗಳನ್ನು, ಲೆಕ್ಕದ ಪುಸ್ತಕಗಳನ್ನು. ಅವುಗಳನ್ನು ಬೀದಿಗೆ ತಂದು ಸುಟ್ಟರು. ದಂಗೆ ಪುಣೆ, ಅಹಮದ್‌ನಗರ ಜಿಲ್ಲೆಗಳ ಊರೂರಿಗೆ ಹರಡಿತು. ಪತ್ರ ಕೊಟ್ಟವರ ಮೇಲೆ ಬಹುತೇಕ ಕೈ ಮಾಡಲಿಲ್ಲ.

ಸರ್ಕಾರ ಕಮಿಷನ್ ನೇಮಿಸಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮುಂದೆ ಅದು ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರದ ಕಡೆಗೂ ವಿಸ್ತರಿಸಿತು. ಅದರ ತಿರುಳು ಒಂದೇ: ಕೋರ್ಟು ಕೈಯಲ್ಲಿರುವ ಪತ್ರವನ್ನಷ್ಟೇ ನೋಡಿ ಡಿಕ್ರಿ ಕೊಡಬಾರದು. ಆ ಪತ್ರದ ಹಿಂದಿನ ಪತ್ರ, ಅದರ ಹಿಂದಿನ ಪತ್ರ ಎಂದು ವ್ಯವಹಾರದ ಆರಂಭದ ತನಕ ಹೋಗಿ, ನಿಜವಾಗಿ ಕೊಟ್ಟ ದುಡ್ಡೆಷ್ಟು, ಬಡ್ಡಿ ಎಷ್ಟು ಎಂದು ಹೊಸದಾಗಿ ಲೆಕ್ಕ ಹಾಕಬೇಕು.

ಇದನ್ನು ನಾವು ಮತ್ತೆ ಮತ್ತೆ ಓದಬೇಕು. ವಕೀಲರು ಹೇಳುತ್ತಿದ್ದದ್ದು: ‘ಪತ್ರ ಏನು ಹೇಳುತ್ತೋ ಅದೇ ಸತ್ಯ.’ ಬೆಂಕಿ ಹಚ್ಚಿದ ರೈತರು ಹೇಳಿದ್ದು: ‘ಪತ್ರಕ್ಕೊಂದು ಹುಟ್ಟು ಇದೆ, ಅದನ್ನ ಕೇಳಿ.’ ನಾಲ್ಕು ವರ್ಷಗಳಲ್ಲಿ ಕಾನೂನು ರೈತರ ಮಾತಿನ ಹತ್ತಿರಕ್ಕೆ ಬಂತು. ಹಾಗಂತ ಸಾಹುಕಾರ ಸುಮ್ಮನೆ ಕೂತನೆ? ಒತ್ತೆಪತ್ರದ ಬದಲು ಕ್ರಯಪತ್ರವನ್ನೇ ಬರೆಸಿಕೊಳ್ಳತೊಡಗಿದ. ವಾಪಸ್ಸು ಕೊಡುವ ಮಾತು ಬಾಯಲ್ಲೇ ಉಳಿಯಿತು.

1929: ಯಾರಿಗೆ ಬಾಗಿಲು, ಯಾರಿಗೆ ಗೋಡೆ

ಈ ಕಥೆಯಲ್ಲಿ 1929 ಬಹಳ ಮುಖ್ಯವಾದ ವರ್ಷ. ಆ ವರ್ಷ ಎರಡು ಸಂಗತಿ ನಡೆದವು.

ಮೊದಲನೆಯದು, ಸ್ವತ್ತು ವರ್ಗಾವಣೆ ಕಾಯ್ದೆಗೆ ತಿದ್ದುಪಡಿ. 60-ಎ ಎಂಬ ಹೊಸ ಕಲಮು ಸೇರಿತು. ಅದರ ಪ್ರಕಾರ ಒತ್ತೆ ಬಿಡಿಸಿಕೊಳ್ಳುವ ಹಕ್ಕು ಇರುವ ಸಾಲಗಾರ ಸಾಹುಕಾರನಿಗೆ ಹೀಗೆ ಹೇಳಬಹುದು: ‘ನಿನ್ನ ದುಡ್ಡು ಸಲ್ಲುತ್ತದೆ. ಜಮೀನಿನ ಮೇಲಿನ ಹಕ್ಕನ್ನು ನನ್ನ ಹೆಸರಿಗೆ ಬಿಡಬೇಡ, ನಾನು ತೋರಿಸುವ ಈ ಮೂರನೆಯವನ ಹೆಸರಿಗೆ ವರ್ಗ ಮಾಡು.’ ಸಾಹುಕಾರ ಅದಕ್ಕೆ ಒಪ್ಪಲೇಬೇಕು. ಹೆಚ್ಚು ಬಡ್ಡಿಯವನಿಂದ ಕಡಿಮೆ ಬಡ್ಡಿಯವನ ಹತ್ತಿರಕ್ಕೆ, ಕಿರುಕುಳ ಕೊಡುವವನಿಂದ ಕೊಡದವನ ಹತ್ತಿರಕ್ಕೆ ಸಾಲವನ್ನು ಸಾಗಿಸುವ ಹಕ್ಕು ಸಾಲಗಾರನಿಗೆ ಸಿಕ್ಕಿತು. ಅದುವರೆಗೆ ಸಾಲವನ್ನು ಯಾರಿಗೆ ದಾಟಿಸಬೇಕು ಅನ್ನೋದು ಸಾಹುಕಾರನ ಇಷ್ಟವಾಗಿತ್ತು. ಈಗ ಸಾಲಗಾರನಿಗೂ ಬಾಯಿ ಬಂತು.

ಆದರೆ ಗೆಳೆಯರೇ, ಅದೇ ಕಲಮಿನ ಮೂರನೆಯ ಉಪಕಲಮನ್ನೂ ಓದಿ. ಒತ್ತೆ ಸ್ವತ್ತು ಸಾಹುಕಾರನ ಸ್ವಾಧೀನದಲ್ಲಿದ್ದರೆ, ಅಥವಾ ಹಿಂದೆ ಎಂದಾದರೂ ಇದ್ದಿದ್ದರೆ, ಈ ಹಕ್ಕು ಅನ್ವಯಿಸುವುದಿಲ್ಲ. ಸ್ವಾಧೀನ ಕೊಟ್ಟು ಮಾಡುವ ಒತ್ತೆ ಯಾವುದು? ಭೋಗ್ಯ. ಭೋಗ್ಯಕ್ಕೆ ಕೊಡುವವರು ಯಾರು? ಪೇಟೆಯ ಬಂಗಲೆಯವನು ಮನೆಯನ್ನು ತೋರು ಆಧಾರಕ್ಕಿಟ್ಟು ಅದೇ ಮನೆಯಲ್ಲಿ ಮಲಗುತ್ತಾನೆ. ಹೊಲ ಬಿಟ್ಟುಕೊಟ್ಟು ಅದೇ ಹೊಲಕ್ಕೆ ಕೂಲಿಗೆ ಹೋಗುವವನು ಕೇರಿಯವನು, ಹಟ್ಟಿಯವನು, ಸಣ್ಣ ಹಿಡುವಳಿಯವನು. ಸಾಲ ಸಾಗಿಸುವ ಹಕ್ಕಿನ ಬಾಗಿಲು ತೆರೆದದ್ದು ಮೊದಲನೆಯವನಿಗೆ. ಎರಡನೆಯವನಿಗೆ ಅಲ್ಲಿ ಗೋಡೆ. ಅವನು ಪೂರ್ತಿ ದುಡ್ಡು ಹೊಂದಿಸಿ ತಂದು ಬಿಡಿಸಿಕೊಳ್ಳಬಹುದು, ಆ ಹಕ್ಕು ಇದ್ದೇ ಇದೆ. ಭೋಗ್ಯದಾರ ಮಾತ್ರ ತನ್ನ ಭೋಗ್ಯವನ್ನು ಮನಸ್ಸು ಬಂದವನಿಗೆ ದಾಟಿಸಬಹುದು.

ಎರಡನೆಯದು, ಅದೇ 1929ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಹಕಾರಿ ಭೂ ಅಡಮಾನ ಬ್ಯಾಂಕು ಸ್ಥಾಪನೆಯಾಯಿತು. ಮದ್ರಾಸ್ ಪ್ರಾಂತದ ಕೇಂದ್ರ ಭೂ ಅಡಮಾನ ಬ್ಯಾಂಕು ಹುಟ್ಟಿದ್ದೂ ಅದೇ ವರ್ಷ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತ್ತು. ಆದರೆ ಅಂಥ ಸಂಘಗಳ ಸಾಲ ಚಿಕ್ಕದು, ಅವಧಿಯೂ ಚಿಕ್ಕದು. ಭೂ ಅಡಮಾನ ಬ್ಯಾಂಕಿನ ಮುಖ್ಯ ಕೆಲಸ ದೀರ್ಘಾವಧಿ ಸಾಲ ಕೊಟ್ಟು ರೈತನ ಹಳೆ ಸಾಲ ತೀರಿಸುವುದು, ಅಂದರೆ ಸಾಹುಕಾರನ ಒತ್ತೆಯನ್ನು ಬ್ಯಾಂಕಿನ ಒತ್ತೆಯಾಗಿ ಬದಲಿಸುವುದು. ಇದು ನಿಜವಾಗಿ ಒಳ್ಳೆಯ ಕೆಲಸ. ಎಷ್ಟೋ ರೈತ ಮನೆತನಗಳು ಇದರಿಂದ ಉಸಿರಾಡಿದವು.

ಕೇರಿಗೆ ಇದು ಯಾಕೆ ಬರಲಿಲ್ಲ? ಬ್ಯಾಂಕಿಗೆ ಬೇಕಾದದ್ದು ಪತ್ರ, ಖಾತೆ, ಕಂದಾಯದ ರಸೀತಿ, ಜಾಮೀನು. ಕೇರಿಯವನ ಕೈಯಲ್ಲಿದ್ದದ್ದು ತೋಟಿ, ತಳವಾರಿಕೆಯ ಇನಾಂ ಚೂರು, ಇಲ್ಲವೇ ದರ್ಖಾಸ್ತಿನಲ್ಲಿ ಮಂಜೂರಾದ ಹಕ್ಕಲು. ಹಳೆ ಮೈಸೂರಿನ ಭೂಕಂದಾಯ ನಿಯಮ 43(8)ರ ಪ್ರಕಾರ ದಲಿತ ವರ್ಗದವರಿಗೆ ಕೊಟ್ಟ ಜಮೀನನ್ನು ಪರಭಾರೆ ಮಾಡಬಾರದು, ಹಾಗೆಂದು ಮುಚ್ಚಳಿಕೆ ಬರೆದುಕೊಡಬೇಕು. ಜಮೀನು ಸುಧಾರಿಸುವುದಕ್ಕಾಗಿ ಸರ್ಕಾರದಿಂದಲೋ ಸಹಕಾರ ಸಂಘದಿಂದಲೋ ಸಾಲ ಬೇಕಾದರೆ ಮಾತ್ರ ಅದನ್ನು ಆಧಾರ ಮಾಡಬಹುದು. ನಿಯಮ ಸರಿಯಾಗಿಯೇ ಇತ್ತು. ಆದರೆ ಆ ಸಂಘದ ಅಧ್ಯಕ್ಷ ಯಾರು? ಜಾಮೀನು ಹಾಕಬೇಕಾದವನು ಯಾರು? ಊರ ಗೌಡನೇ. ಮಗುವಿಗೆ ಜ್ವರ ಬಂದರೆ, ಮನೇಲಿ ಸಾವಾದರೆ, ಮಗಳ ಮದುವೆ ಬಂದರೆ ಸಂಘದಲ್ಲಿ ಸಾಲ ಹುಟ್ಟೋದಿಲ್ಲ, ಅದು ‘ಜಮೀನು ಸುಧಾರಣೆ’ ಅಲ್ಲ. ಆಗ ಗೌಡನ ಜಗಲಿಗೇ ಹೋಗಬೇಕು. ಮುಚ್ಚಳಿಕೆ ಕಚೇರಿಯ ಕಡತದಲ್ಲಿ ಇತ್ತು, ಜಮೀನು ಗೌಡನ ಭೋಗ್ಯದಲ್ಲಿ ಇತ್ತು.

‘ನಮ್ಮನೇಗೆ ಬಾರ್ಲಾ’

ಹೊಲ ಮುಗಿದ ಮೇಲೆ ಉಳಿಯೋದು ಮೈ. ಜೀತದ ಆಳು ಧಣಿ ಬದಲಾಯಿಸುವ ರೀತಿಯನ್ನು ಹಳೆ ಮೈಸೂರು ಸೀಮೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಯುಗಾದಿ ಹತ್ತಿರ ಬರುತ್ತೆ. ಹಳೆ ಧಣಿಯ ಹೊಡೆತ, ಹಸಿವು ತಡೆಯಲಾರದ ಆಳು ಇನ್ನೊಬ್ಬನ ಮುಂದೆ ನಿಲ್ಲುತ್ತಾನೆ. ‘ಅವನ ಬಾಕಿ ಎಷ್ಟದೆಯ್ಲಾ? ನಾನು ಬಿಸಾಕ್ತೀನಿ. ಹಬ್ಬ ಕಳ್ಕೊಂಡು ನಮ್ಮನೇಗೆ ಬಾರ್ಲಾ.’ ‘ಆಗ್ಲಿ ಬುದ್ಧಿ.’ ಹೊಸ ಧಣಿ ಹಳೆ ಧಣಿಗೆ ದುಡ್ಡು ಕೊಡುತ್ತಾನೆ. ಹಬ್ಬಕ್ಕೊಂದು ಪಂಚೆ, ಒಂದಿಷ್ಟು ಕೈಸಾಲ ಮೇಲೆ ಕೊಡುತ್ತಾನೆ. ಎರಡೂ ಸೇರಿ ಹೊಸ ಸಾಲ. ಹಳೆ ಮನೆಯಲ್ಲಿ ಗೇದ ಐದು ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು. ಅಪ್ಪ ಸತ್ತರೆ ಮಗ. ಮಗ ಓಡಿಹೋದರೆ ತಮ್ಮ.

ಇದನ್ನು ‘ಬಿಡುಗಡೆ’ ಅಂತಲೇ ಕರೆಯುತ್ತಿದ್ದರು. ಆಳಿಗೂ ಸ್ವಲ್ಪ ದಿನ ಹಾಗೇ ಅನ್ನಿಸುತ್ತಿತ್ತು. ಮನುಷ್ಯನಿಗೆ ಹೊಡೆಯುವವನಿಂದ ಬೈಯುವವನ ಹತ್ತಿರಕ್ಕೆ ಹೋಗೋದೂ ಒಂದು ಸಮಾಧಾನವೇ. ನಾವು ಆ ಸಮಾಧಾನವನ್ನು ಹೀಯಾಳಿಸಬಾರದು. ಆದರೆ ಅದನ್ನು ಬಿಡುಗಡೆ ಎಂದು ಬರೆಯಲೂ ಬಾರದು.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯ್ದೆಯಾದ ಜೀತಪದ್ಧತಿ ನಿರ್ಮೂಲನ ಕಾನೂನು ಈ ಸರಪಳಿಯ ಮೇಲೆ ಕೊಡಲಿ ಇಟ್ಟಿತು. ಆ ಕಾನೂನು ದೇಶದ ಬೇರೆ ಬೇರೆ ಸೀಮೆಗಳ ಜೀತದ ಹೆಸರುಗಳನ್ನು ಸಾಲಾಗಿ ಕೊಡುತ್ತದೆ. ಅದರಲ್ಲಿ ‘ಜೀತ’ ಇದೆ, ‘ಹೊಲ್ಯ’ ಎಂಬ ಹೆಸರೂ ಇದೆ. ಒಂದು ಜಾತಿಯ ಹೆಸರನ್ನು ನೆನಪಿಸುವ ಮಾತು ಪಾರ್ಲಿಮೆಂಟಿನ ಕಾಯ್ದೆಯಲ್ಲಿ ಜೀತದ ಪರ್ಯಾಯ ಪದವಾಗಿ ಕೂತಿದೆ. ಜಾತಿಗೂ ಸಾಲಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಆ ಪಟ್ಟಿ ಸಾಕು.

ಈ ಕಾಯ್ದೆ ಸಾಲದ ಬಡ್ಡಿ ಇಳಿಸಲಿಲ್ಲ, ಕಂತು ಕೊಡಲಿಲ್ಲ, ಸಾಲವನ್ನು ಸರ್ಕಾರದ ಹೆಸರಿಗೆ ವರ್ಗಾಯಿಸಲೂ ಇಲ್ಲ. ಜೀತಸಾಲ ಇಲ್ಲವಾಯಿತು ಎಂದಿತು, ಅಷ್ಟೆ. ಅದಕ್ಕಾಗಿ ಒತ್ತೆ ಬಿದ್ದ ಆಸ್ತಿ ಋಣಮುಕ್ತ ಎಂದಿತು. ತೀರಿಹೋದ ಆ ಸಾಲದ ಬಾಬ್ತು ಧಣಿ ಯಾವ ದುಡ್ಡನ್ನೂ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಮೂರು ವರ್ಷದವರೆಗೆ ಸಜೆ ಎಂದಿತು. ಈಗ ಯೋಚಿಸಿ. ಹೊಸ ಧಣಿ ಕೊಟ್ಟ ದುಡ್ಡನ್ನು ಜೇಬಿಗಿಟ್ಟ ಹಳೆ ಧಣಿಯೂ ಅಪರಾಧಿ, ಮುಂಗಡ ಕೊಟ್ಟು ಆಳನ್ನು ಜೀತಕ್ಕೆ ಕಟ್ಟಿಕೊಂಡ ಹೊಸ ಧಣಿಯೂ ಅಪರಾಧಿ. ಇಟ್ಟಿಗೆ ಗೂಡಿನಿಂದ ಇನ್ನೊಂದು ಗೂಡಿಗೆ, ಕಲ್ಲು ಕ್ವಾರಿಯಿಂದ ಇನ್ನೊಂದು ಕ್ವಾರಿಗೆ ಮುಂಗಡ ತೀರಿಸಿ ಸಂಸಾರಗಳನ್ನು ಸಾಗಿಸುವುದೂ ಈ ಕಾಯ್ದೆಯ ಕಣ್ಣಲ್ಲಿ ಅದೇ.

ಅದೇ 1976ರಲ್ಲಿ, ದೇವರಾಜ ಅರಸರ ಆಡಳಿತದಲ್ಲಿ, ಕರ್ನಾಟಕ ಋಣ ಪರಿಹಾರ ಕಾಯ್ದೆ ಬಂದು ಸಣ್ಣ ರೈತರು, ಭೂಹೀನ ಕೂಲಿಗಳು, ದುರ್ಬಲ ವರ್ಗದವರು ಖಾಸಗಿಯವರಿಗೆ ಕೊಡಬೇಕಾದ ಸಾಲಗಳು ತೀರಿದವು ಎಂದು ಸಾರಿತು. ಅದಕ್ಕೆ ಎರಡು ವರ್ಷ ಮೊದಲು, 1974ರಲ್ಲಿ, ಭೂಸುಧಾರಣೆಯ ದೊಡ್ಡ ತಿದ್ದುಪಡಿ ಬಂದಿತ್ತು. ಅದರ ನಾಲ್ಕನೇ ಕಲಮು ಎರಡು ಅಲಗಿನ ಕತ್ತಿ. ಸ್ವಾಧೀನ ಪಡೆದ ಭೋಗ್ಯದಾರ ತಾನು ಗೇಣಿದಾರ ಎನ್ನುವಂತಿಲ್ಲ, ಇದು ಒಳ್ಳೆಯದು. ಕೂಲಿಗೆ ಗೇಯುವ ಆಳೂ ಗೇಣಿದಾರ ಎನ್ನುವಂತಿಲ್ಲ. ಉಳುವವನೇ ಹೊಲದೊಡೆಯ ಆದಾಗ, ತಲೆಮಾರುಗಳಿಂದ ಉತ್ತ ಜೀತದವನು ಕಾನೂನಿನ ಪ್ರಕಾರ ‘ಉಳುವವನು’ ಆಗಿರಲೇ ಇಲ್ಲ.

ಮೊದಲ ಪತ್ರದ ತನಕ

1978ರ ಪಿಟಿಸಿಎಲ್ ಕಾಯ್ದೆ, ಅಂದರೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಮಂಜೂರಾದ ಜಮೀನುಗಳ ಪರಭಾರೆ ನಿಷೇಧ ಕಾಯ್ದೆ, 1879ರ ಕಾಯ್ದೆ ಹಿಡಿದ ದಾರಿಯನ್ನೇ ಇನ್ನೂ ದೂರ ತೆಗೆದುಕೊಂಡು ಹೋಯಿತು. ಪರಭಾರೆ ಎಂದರೆ ಮಾರಾಟ, ದಾನ, ಗೇಣಿ, ಸ್ವಾಧೀನಸಹಿತ ಒತ್ತೆ, ಸ್ವಾಧೀನರಹಿತ ಒತ್ತೆ, ಕರಾರು ಎಲ್ಲವೂ. ಮಂಜೂರಾತಿಯ ಷರತ್ತು ಮುರಿದು ನಡೆದ ಪರಭಾರೆ, ಕಾಯ್ದೆಗೆ ಮೊದಲಿನದ್ದಾದರೂ, ಅಸಿಂಧು. ಮಧ್ಯದಲ್ಲಿ ಎಷ್ಟು ಕೈ ಬದಲಾಗಿದ್ದರೂ ಅಸಿಸ್ಟೆಂಟ್ ಕಮಿಷನರು ಮೊದಲ ಮಂಜೂರಾತಿಯ ತನಕ ಹೋಗಿ ಜಮೀನನ್ನು ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ಬಿಡಿಸಿಕೊಡಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು.

2017ರಲ್ಲಿ ಅದೇ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಬಹಳ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ ಎಂದಿತು. ಆಮೇಲೆ ತಡವಾಯಿತೆಂಬ ಕಾರಣಕ್ಕೇ ಅರ್ಜಿಗಳು ವಜಾ ಆಗತೊಡಗಿದವು. ದಲಿತ ಸಂಘಟನೆಗಳು ಬೀದಿಯಲ್ಲಿ ಕೂತವು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂದು ಬರೆಯಿತು.

ಕಾಲಮಿತಿಯ ಮಾತು ಮಂಜೂರಾತಿ ಜಮೀನಿಗೆ ಮಾತ್ರ ಸೇರಿದ್ದಲ್ಲ. ಯಾವುದೇ ಒತ್ತೆ ಬಿಡಿಸಿಕೊಳ್ಳುವ ದಾವೆಗೆ 1963ರ ಕಾಲಮಿತಿ ಕಾಯ್ದೆ 30 ವರ್ಷ ಕೊಡುತ್ತದೆ. ಭೋಗ್ಯದ ವಿಷಯದಲ್ಲಿ ಮಾತ್ರ, 30 ವರ್ಷ ಕಳೆದ ಒಂದೇ ಕಾರಣಕ್ಕೆ ಭೋಗ್ಯದಾರ ಮಾಲೀಕನಾಗುವುದಿಲ್ಲ ಎಂದು 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಜ್ಜ ಇಟ್ಟ ಭೋಗ್ಯವನ್ನು ಮೊಮ್ಮಗಳು ಕೇಳಬಹುದು. ಆದರೆ ಅದೇ ಕಾಲಮಿತಿ ಕಾಯ್ದೆಯಲ್ಲಿ ಒಂದು ಗುಂಡಿ ಇದೆ. ಸಾಹುಕಾರ ಒತ್ತೆ ಜಮೀನನ್ನು ತನ್ನದೇ ಎಂಬಂತೆ ಇನ್ನೊಬ್ಬನಿಗೆ ದುಡ್ಡಿಗೆ ದಾಟಿಸಿಬಿಟ್ಟರೆ, ಆ ಸಂಗತಿ ನಮಗೆ ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು. ಕೈ ಬದಲಾದರೆ ನಮ್ಮ ಕಾಲವೂ ಕರಗುತ್ತದೆ. ಹಾಗಾಗಿ ಸುಮ್ಮನಿರುವಂತಿಲ್ಲ.

ಕಂಪ್ಯೂಟರಿನ ಜಗಲಿ

ಈಗ ಸಾಲ ಸಾಗಿಸುವುದು ಜಾಹೀರಾತಿನ ವಿಷಯವಾಗಿದೆ. ಪಟ್ಟಣದಲ್ಲಿ ಸಂಬಳದವರು ಮನೆಸಾಲವನ್ನು ಒಂದು ಬ್ಯಾಂಕಿನಿಂದ ಬಡ್ಡಿ ಕಡಿಮೆ ಇರುವ ಇನ್ನೊಂದು ಬ್ಯಾಂಕಿಗೆ ಬದಲಾಯಿಸಿಕೊಳ್ಳುತ್ತಾರೆ. ಬದಲಾಗುವ ಬಡ್ಡಿದರದ ಮನೆಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕಬಾರದು ಎಂದು 2012ರಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತು. ಇದರಿಂದ ಅವರಿಗೆ ನಿಜವಾದ ಲಾಭವಿದೆ. ಯಾಕೆಂದರೆ ಅವರ ಕೈಯಲ್ಲಿ ಲೆಕ್ಕ ಇದೆ. ಕಟ್ಟಿದ್ದು ಎಷ್ಟು, ಉಳಿದ ಅಸಲು ಎಷ್ಟು ಎಂಬ ಪಟ್ಟಿಯನ್ನು ಹಿಡಿದು ಅವರು ಹೊಸ ಬ್ಯಾಂಕಿಗೆ ಹೋಗುತ್ತಾರೆ. ಲೆಕ್ಕ ಕೈಯಲ್ಲಿದ್ದು, ಬಡ್ಡಿ ಇಳಿದು, ಬಡ್ಡಿ ಅಸಲಾಗದಿದ್ದರೆ ಸಾಲ ಬದಲಾಯಿಸುವುದು ಸಾಲಗಾರನ ಆಯುಧ.

ಕೇರಿಯ ಹೆಣ್ಣುಮಕ್ಕಳ ಕಥೆ ಬೇರೆ. ಒಂದು ಸಂಘದ ವಾರದ ಕಂತಿಗೆ ಇನ್ನೊಂದು ಫೈನಾನ್ಸಿನಲ್ಲಿ ಸಾಲ, ಅದರ ಕಂತಿಗೆ ಕೈಸಾಲ, ಕೈಸಾಲಕ್ಕೆ ಓಲೆ ಜುಮುಕಿ ಗಿರವಿ. ಇದೂ ಸಾಲದ ಕೈ ಬದಲಾವಣೆಯೇ, 100 ರೂಪಾಯಿ 508 ಆಗುವ ಅದೇ ಹಳೆ ದಾರಿ. ಕಿರುಸಾಲದ ಕಂತುಗಳು ಕುಟುಂಬದ ತಿಂಗಳ ಆದಾಯದ ಅರ್ಧ ದಾಟಬಾರದು ಎಂದು 2022ರ ರಿಸರ್ವ್ ಬ್ಯಾಂಕ್ ನಿಯಮ ಹೇಳುತ್ತದೆ. ಸಾಲ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟು, ಪ್ರಾಣ ಕಳೆದುಕೊಂಡ ಮೇಲೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆ ಎಂದು ಅದು ಸಾರಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳು ಅದರ ಹೊರಗೆ ಉಳಿದವು.

ಹಾಗಾದರೆ ನಾವು ಮಾಡಬೇಕಾದದ್ದೇನು? ಕೆಲಸ ದೊಡ್ಡದಲ್ಲ, ಆದರೆ ಬಿಡದೆ ಮಾಡಬೇಕಾದದ್ದು. ಊರಿನ ಒಂದೊಂದು ಮಂಜೂರಾತಿ ಜಮೀನಿಗೂ ಒಂದೊಂದು ಹಾಳೆ ಮಾಡಿ. ಪಹಣಿಯ 11ನೇ ಕಲಮಿನಲ್ಲಿ ಯಾವ ಋಣ ಬರೆದಿದೆ ನೋಡಿ. ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ. ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತದ ನಕಲು ಕೇಳಿ, ಮುಚ್ಚಳಿಕೆ ಇದೆಯೇ ನೋಡಿ. ಮುದುಕರನ್ನು ಕೇಳಿ ಯಾರಿಂದ ಯಾರಿಗೆ, ಯಾವ ಬರಗಾಲದಲ್ಲಿ, ಎಷ್ಟು ರೂಪಾಯಿಗೆ ಹೋಯಿತೆಂದು ಬರೆದಿಟ್ಟುಕೊಳ್ಳಿ. ಸಂಘದ ಸಾಲ ತೆಗೆದ ಹೆಣ್ಣುಮಕ್ಕಳಿಗೆ ಪ್ರತಿ ಕಂತಿನ ರಸೀತಿ ಇಡಲು ಹೇಳಿ, ಓದಲು ಬಾರದವರಿಗೆ ಮಕ್ಕಳ ಕೈಲಿ ನೋಟುಬುಕ್ಕಿನಲ್ಲಿ ಬರೆಸಿ. ಆ ನೋಟುಬುಕ್ಕೂ ಚರಿತ್ರೆಯೇ.

ಸುಪೆಯ ರೈತರು ಪತ್ರ ಸುಟ್ಟು ಲೆಕ್ಕ ತೆರೆಸಿದರು. ನಾವು ಸುಡಬೇಕಾಗಿಲ್ಲ. ನಮ್ಮ ಕೈಯಲ್ಲಿ ಓದು ಇದೆ, ಅರ್ಜಿ ಇದೆ, ಸಂಘಟನೆ ಇದೆ. ಯಾವನೇ ಬಂದು ‘ಈ ಜಮೀನು ನನ್ನದು, ನಾನು ದುಡ್ಡು ಕೊಟ್ಟು ತಗೊಂಡಿದ್ದೀನಿ’ ಅಂದರೆ ಒಂದೇ ಪ್ರಶ್ನೆ ಕೇಳೋಣ: ಯಾರಿಂದ? ಅವನು ಯಾರಿಂದ? ಅವನಿಗೆ ಕೊಟ್ಟವನು ಯಾರಿಂದ? ಮೊದಲ ಹೆಬ್ಬೆಟ್ಟಿನ ಗುರುತು ಕಾಣುವವರೆಗೆ ಕೇಳುತ್ತಲೇ ಇರೋಣ.